ಗೈಡ್ ಹೇಳದ ಲೆಕ್ಕ

ಆಫೀಸಿನ ಟೀಮ್ ಜೊತೆ ಬ್ಯಾಂಕಾಕ್‌ಗೆ ಹೋಗಿದ್ವಿ. ಕೊನೇ ದಿನ ಏನು ಮಾಡೋದು ಅಂತ ವಾಟ್ಸಾಪ್‌ನಲ್ಲಿ ವೋಟಿಂಗ್ ನಡೆದು, ಶಾಪಿಂಗ್ ಸೋತು, ಕಾಂಚನಬುರಿಯ ‘ಡೆತ್ ರೈಲ್ವೇ’ ಟೂರ್ ಗೆದ್ದಿತು. ಬೆಳಗ್ಗೆ ಆರಕ್ಕೆ ವ್ಯಾನು, ಮಧ್ಯಾಹ್ನದ ಊಟ ಸೇರಿ, ಹಳೇ ರೈಲಿನಲ್ಲಿ ಒಂದು ಸುತ್ತು. ಹೆಸರಲ್ಲೇ ಸಾವಿದೆ, ಆದರೂ ಬ್ರೋಶರ್‌ನಲ್ಲಿ ಎಲ್ಲರೂ ನಗ್ತಾ ಇದ್ರು. ನಾವೂ ನಗ್ತಾನೇ ವ್ಯಾನ್ ಹತ್ತಿದ್ವಿ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಹಿಡಿದಿದ್ದ ಜಪಾನ್ ಸೇನೆಗೆ ಸಾಮಾನು ಸಾಗಿಸೋಕೆ ದಾರಿ ಬೇಕಿತ್ತು. ಥಾಯ್ಲೆಂಡಿನಿಂದ ಬರ್ಮಾವರೆಗೆ ಕಾಡು, ಬೆಟ್ಟ ಕಡಿದು 415 ಕಿ.ಮೀ. ರೈಲು ಹಳಿ ಹಾಕಿದರು. 1942ರಲ್ಲಿ ಶುರುವಾದ ಕೆಲಸ 1943ರ ಅಕ್ಟೋಬರ್‌ನಲ್ಲಿ ಮುಗಿಯಿತು. ದುಡಿಸಿಕೊಂಡಿದ್ದು 60,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು: ಬ್ರಿಟಿಷರು, ಆಸ್ಟ್ರೇಲಿಯನ್ನರು, ಡಚ್ಚರು, ಒಂದಿಷ್ಟು ಅಮೆರಿಕನ್ನರು. ಹಸಿವು, ಕಾಲರಾ, ಹೊಡೆತಕ್ಕೆ ಅವರಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು.

ಅವರಲ್ಲಿ ಸುಮಾರು 7,000 ಮಂದಿ ಊರ ಮಧ್ಯದ ಯುದ್ಧ ಸ್ಮಶಾನದಲ್ಲಿದ್ದಾರೆ. ನೀಟಾಗಿ ಕತ್ತರಿಸಿದ ಹುಲ್ಲು, ಸಾಲಾಗಿ ಕಲ್ಲುಗಳು. ಕಲ್ಲಿನ ಮೇಲೆ ಹೆಸರು, ದಳ, ವಯಸ್ಸು. 22, 24, 23. ನಮ್ಮ ಟೀಮಿನ ಫ್ರೆಶರ್‌ಗಳ ವಯಸ್ಸು. ವ್ಯಾನ್‌ನಲ್ಲಿ ಹಾಡು ಹಾಕಿದ್ದವರೆಲ್ಲ ಅಲ್ಲಿ ತಾವಾಗೇ ಮೆತ್ತಗಾದರು.

ಮುಂದಿನ ಸ್ಟಾಪ್ ಸೇತುವೆ. ಅಲ್ಲಿ ಮತ್ತೆ ಸೆಲ್ಫಿ. ‘ಸಾವಿನ ಜಾಗದಲ್ಲಿ ಸೆಲ್ಫಿ ಸರೀನಾ?’ ಅಂತ ನಮ್ಮಲ್ಲೇ ಒಬ್ಬಳು ಕೇಳಿದಳು. ‘ಟ್ರಿಪ್‌ಗೆ ಬಂದಿದೀವಿ ಕಣೇ, ಗಿಲ್ಟ್ ಬೇಡ’ ಅಂದ ಇನ್ನೊಬ್ಬ. ಯುದ್ಧದ ಜಾಗಗಳ ಟೂರಿಸಂ ಬಗ್ಗೆ ಮಾತು ಬಂದಾಗೆಲ್ಲ ನಾವು ಈ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಳ್ತೀವಿ. ನನಗೇನೋ ಸೆಲ್ಫಿ ಸಣ್ಣ ವಿಷಯ ಅನ್ಸುತ್ತೆ. ದೊಡ್ಡದು ಬೇರೆ ಇದೆ.

ಆ ಸೇತುವೆ ಇಷ್ಟು ಫೇಮಸ್ ಆಗಿದ್ದೇ 1957ರ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಸಿನಿಮಾದಿಂದ. ಶೂಟಿಂಗ್ ಆಗಿದ್ದು ಶ್ರೀಲಂಕಾದಲ್ಲಿ. ಆಮೇಲೆ ಜನ ಥಾಯ್ಲೆಂಡಿಗೆ ಬಂದು ‘ಕ್ವಾಯ್ ನದಿ ಎಲ್ಲಿ?’ ಅಂತ ಹುಡುಕಿದರು. ಸೇತುವೆಯ ಕೆಳಗೆ ಹರಿಯುತ್ತಿದ್ದ ನದಿಯ ಹೆಸರು ಆಗ ಮೇ ಕ್ಲಾಂಗ್. 1960ರ ದಶಕದಲ್ಲಿ ನದಿಯ ಆ ಭಾಗದ ಹೆಸರನ್ನೇ ಬದಲಾಯಿಸಿದರು! ನೋಡೋಕೆ ಬಂದವರು ಏನು ಕೇಳ್ತಾರೋ ಅದನ್ನೇ ಜಾಗ ತೋರಿಸುತ್ತೆ. ನಾವು ಕೇಳದೇ ಇದ್ದಿದ್ದು ಮೆಲ್ಲಗೆ ಮರೆಯಾಗುತ್ತೆ.

ಏನು ಮರೆಯಾಗಿದೆ? ಗೈಡ್ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದಳು: ‘ಏಷ್ಯಾದ ಕೂಲಿಗಳೂ ಸತ್ತರು.’ ಎಷ್ಟು ಜನ ಅಂತ ಕೇಳಿದೆ. ಹಳಿ ಹಾಕೋಕೆ ತಂದ ಏಷ್ಯಾದ ಕೂಲಿಗಳು 2 ಲಕ್ಷದ ಆಸುಪಾಸು, ಸತ್ತವರು 90,000ದ ಹತ್ತಿರ ಅಂತ ಅಂದಾಜು. ಅಂದರೆ ಸತ್ತ ಕೈದಿಗಳ ಏಳು ಪಟ್ಟು. ಬರ್ಮೀಯರು, ಜಾವಾದವರು, ಮಲಯರು, ಮಲಯಾದ ರಬ್ಬರ್ ತೋಟಗಳಲ್ಲಿದ್ದ ತಮಿಳರು. ಕೂಲಿ ಕೊಡ್ತೀವಿ ಅಂತ ನಂಬಿಸಿ ಕೆಲವರನ್ನು, ಹಿಡಿದು ತುಂಬಿ ಕೆಲವರನ್ನು ಕರೆತಂದಿದ್ದರು. ಇವರಿಗೆ ಸಾಲುಗಲ್ಲಿಲ್ಲ, ಹೆಸರಿಲ್ಲ.

‘ಇದನ್ನ ಯಾರೂ ಕೇಳಲ್ಲ’ ಅಂದಳು ಗೈಡ್. ಆಮೇಲೆ ಅವಳಾಗೇ, ಟೂರ್‌ನಲ್ಲಿ ಇಲ್ಲದ ಒಂದು ಕಡೆಗೆ ಕರ್ಕೊಂಡು ಹೋದಳು. ಸೇತುವೆಯಿಂದ ಸ್ವಲ್ಪ ದೂರದಲ್ಲಿ, ಈ ಹಳಿಗಾಗಿ ಸತ್ತವರ ಸ್ಮರಣೆಗೆ ಜಪಾನ್ ಸೇನೆಯೇ 1944ರಲ್ಲಿ ನಿಲ್ಲಿಸಿದ ಸ್ಮಾರಕ. ಬೇರೆ ಬೇರೆ ಭಾಷೆಯ ಫಲಕಗಳ ನಡುವೆ ತಮಿಳೂ ಇತ್ತು. ಸಾಯಿಸಿದವರೇ ಸತ್ತವರ ಭಾಷೆಯಲ್ಲಿ ಕಲ್ಲು ಬರೆಸಿದ್ದರು. ಇದನ್ನು ಪಶ್ಚಾತ್ತಾಪ ಅನ್ನಬೇಕೋ, ನಾಟಕ ಅನ್ನಬೇಕೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಮ್ಮ ಟೀಮಿನಲ್ಲಿ ಮಧುರೈ ಕಡೆಯ ಹುಡುಗನೊಬ್ಬ ಇದಾನೆ. ಅವನು ಬಗ್ಗಿ ನಿಧಾನಕ್ಕೆ ಓದಿದ. ‘ನಮ್ಮ ತಾತನ ಅಣ್ಣ ಮಲಯಾ ತೋಟಕ್ಕೆ ಹೋದೋರು ವಾಪಸ್ ಬರ್ಲೇ ಇಲ್ಲ. ಇಲ್ಲೇ ಹೋದ್ರು ಅಂತೇನಿಲ್ಲ. ಆದ್ರೆ ಎಲ್ಲಿ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ’ ಅಂದ. ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ.

ಕೈದಿಗಳಿಗೆ ಹೆಸರುಗಲ್ಲು ಸಿಕ್ಕಿದ್ದಾದರೂ ಹೇಗೆ? ಯಾರಿಗೆ ಎಲ್ಲಿ ಮಣ್ಣು ಮಾಡಿದೆವು ಅನ್ನೋದನ್ನ ಅವರ ಜೊತೆಗಾರರು ಕ್ಯಾಂಪುಗಳಲ್ಲಿ ಕದ್ದುಮುಚ್ಚಿ ಬರೆದಿಟ್ಟಿದ್ದರು. ಯುದ್ಧ ಮುಗಿದ ಕೂಡಲೇ, 1945ರ ಸೆಪ್ಟೆಂಬರ್‌ನಲ್ಲಿ, ಬಿಡುಗಡೆಯಾಗಿದ್ದ ಕೈದಿಗಳೂ ಇದ್ದ ಒಂದು ತಂಡ ಮನೆಗೆ ಹೋಗದೆ ಅದೇ ಹಳಿಯ ಉದ್ದಕ್ಕೂ ವಾಪಸ್ ಹೋಗಿ ಸಮಾಧಿಗಳನ್ನು ಹುಡುಕಿತು. ಅವರ ಮೇಲೆ ನನಗೆ ಅಪಾರ ಗೌರವವಿದೆ. ನೆನಪು ತಾನಾಗಿ ಉಳಿಯಲ್ಲ, ಯಾರೋ ಕಷ್ಟಪಟ್ಟು ಉಳಿಸಬೇಕು. ಕೂಲಿಗಳ ಕಡೆ ಪಟ್ಟಿ ಬರೆಯೋ ಅಧಿಕಾರಿ ಇರಲಿಲ್ಲ, ಆಮೇಲೆ ಹುಡುಕಿಸೋ ಸರ್ಕಾರವೂ ಇರಲಿಲ್ಲ.

ಹಾಗಾದರೆ ನಾಲ್ಕು ಗಂಟೆ ನೋಡಿ ಬರೋ ನನ್ನಂಥವನ ಜವಾಬ್ದಾರಿ ಏನು? ಅತ್ತುಬಿಡೋದಾ? ಫೋನ್ ಒಳಗಿಡೋದಾ? ಅದು ಸಾಕಾಗಲ್ಲ ಅಂತ ನನ್ನ ಅನಿಸಿಕೆ. ಚೆನ್ನಾಗಿ ನೋಡಿಕೊಂಡ ಸಮಾಧಿ ಮುಂದೆ ಮನಸ್ಸು ಕರಗೋದು ಸುಲಭ, ಕರಗಲಿ ಅಂತಲೇ ಅದನ್ನು ಹಾಗೆ ಕಟ್ಟಿರ್ತಾರೆ. ಅಲ್ಲಿ ನಿಂತು ‘ಇನ್ಯಾರು ಸತ್ತರು?’ ಅಂತ ಕೇಳೋದು ನಮ್ಮ ಕೆಲಸ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಆ ಪ್ರಶ್ನೆ ಕೇಳಿದ್ದು ‘ನಮ್ಮವರು’ ಯಾರಾದರೂ ಇದ್ರಾ ಅನ್ನೋ ಕುತೂಹಲಕ್ಕೆ. ತಮಿಳು ಅಕ್ಷರ ಕಂಡಾಗ ಎದೆ ಧಸಕ್ ಅಂತು. ಪಕ್ಕದ ಫಲಕಗಳನ್ನು ನೋಡಲೂ ಇಲ್ಲ. ಬರ್ಮಾದವನ ಬಗ್ಗೆ, ಜಾವಾದವನ ಬಗ್ಗೆ ಆವತ್ತು ಒಂದು ಪ್ರಶ್ನೆನೂ ಕೇಳ್ಲಿಲ್ಲ. ಅಂದರೆ ನಾನೂ ನನಗೆ ಬೇಕಾದ ಸತ್ತವರನ್ನೇ ಆರಿಸಿಕೊಂಡೆ.

ವಾಪಸ್ ಬರುವಾಗ ವ್ಯಾನ್‌ನಲ್ಲಿ ಯಾರೂ ಹಾಡು ಹಾಕಲಿಲ್ಲ. ಗ್ರೂಪಿನಲ್ಲಿ ಸೇತುವೆಯ ಫೋಟೋಗಳು ಒಂದೊಂದಾಗಿ ಬಂದವು. ಕೊನೆಗೆ ಆ ಹುಡುಗ ತಮಿಳು ಫಲಕದ ಫೋಟೋ ಹಾಕಿದ. ಕೆಳಗೆ ಏನೂ ಬರೆದಿರಲಿಲ್ಲ. ಅಪ್ಪನಿಗೂ ಕಳಿಸಿದಾನಂತೆ.