ಕಾಣದ ಸಾಕ್ಷ್ಯ

2008ರ ನವೆಂಬರಿನಲ್ಲಿ ‘ಇಂಥವರಿಗೆಲ್ಲ ವಿಚಾರಣೆ ಏಕೆ?’ ಎಂದು ಮುಂಬಯಿಯಲ್ಲಿ ನಾನೂ ಅಂದವನೇ. ಆದರೆ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ತಿಳಿಯುವುದೇ ವಿಚಾರಣೆಯಿಂದಲ್ಲವೇ? ನಮ್ಮ ಕಚೇರಿಯಲ್ಲಿ ಜವಾನನೊಬ್ಬನ ಮೇಲೆ ದೂರು ಬಂದರೂ ಆರೋಪಪಟ್ಟಿ ಕೊಟ್ಟು, ಕಾಗದಪತ್ರ ತೋರಿಸಬೇಕು, ಗೊಣಗುತ್ತಲೇ ಮಾಡುತ್ತೇವೆ. ಕಸಬನಿಗೂ ವಕೀಲರನ್ನು ಕೊಟ್ಟೆವು.

ಬಿನ್ ಲಾಡೆನ್‌ನ ಕಾರು ಓಡಿಸುತ್ತಿದ್ದ ಯೆಮೆನ್ನಿನ ಸಲೀಂ ಹಮ್ದಾನ್ 2001ರಲ್ಲಿ ಸೆರೆಸಿಕ್ಕ. ಆರೋಪಿಯನ್ನೇ ಹೊರಗಿಟ್ಟು ಸಾಕ್ಷ್ಯ ಕೇಳಬಹುದಾದ ಮಿಲಿಟರಿ ಆಯೋಗದ ಮುಂದೆ ಅವನನ್ನು ನಿಲ್ಲಿಸಲು ಅಮೆರಿಕ ಹೊರಟಿತು. ಅದು ಸೈನ್ಯದ ಕಾನೂನಿಗೂ ಜಿನೀವಾ ಒಪ್ಪಂದಗಳಿಗೂ ವಿರುದ್ಧವೆಂದು 2006ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ಹೊಸ ಕಾಯಿದೆ ಬಂತು, ಆಯೋಗ ಮತ್ತೆ ಕೂತಿತು! 2008ರಲ್ಲಿ ಶಿಕ್ಷೆಯಾಯಿತು, 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಅಷ್ಟು ಹೊತ್ತಿಗೆ ಅವನು ಶಿಕ್ಷೆ ಮುಗಿಸಿ ಊರು ಸೇರಿ ಮೂರು ವರ್ಷ ಮೇಲಾಗಿತ್ತು.