ಗುರುತಿಲ್ಲದ ಗೋರಿಗಳು

ರಸ್ತೆ ಅಗಲವಾಗುವ ಸುದ್ದಿ ಬಂದ ವರ್ಷ ನಮ್ಮೂರಿನ ಖಬರಸ್ತಾನಕ್ಕೆ ಹೊಸ ನೆಂಟರು ಹುಟ್ಟಿಕೊಂಡರು. ಷಬೇ ಬರಾತಿನ ರಾತ್ರಿ ಬಿಟ್ಟರೆ ಅತ್ತ ಸುಳಿಯದಿದ್ದವರೂ ಬಂದು ಹೆಜ್ಜೆ ಹಾಕಿ ನೆಲ ಅಳೆದರು. ಬೇವಿನ ಮರದ ಕೆಳಗಿನ ಹಳೆಯ ಭಾಗದಲ್ಲಿ ಒಂದೂ ಕಲ್ಲಿಲ್ಲ. ಮಣ್ಣು ಕುಸಿದು ತಗ್ಗಾದಲ್ಲೆಲ್ಲ ತಂಗಡಿ ಗಿಡ ಬೆಳೆದಿದೆ. ಸರ್ವೆಯವರು ಕೇಳಿದ್ದು ಒಂದೇ ಮಾತು: ‘ಇಲ್ಲಿ ಗೋರಿ ಎಲ್ಲಿದೆ, ತೋರಿಸಿ.’ ಎಂಬತ್ತು ದಾಟಿದ ಚಾಚಾ ಒಬ್ಬರು ಕೋಲಿನಿಂದ ತೋರಿಸುತ್ತ ಹೋದರು: ‘ಇಲ್ಲಿ ನಮ್ಮಪ್ಪ. ಇಲ್ಲಿ ಪಿಂಜಾರರ ಮುದುಕಿ. ಆ ಸಾಲು ಪ್ಲೇಗಿನಲ್ಲಿ ಹೋದವರದು.’ ಸರ್ವೆಯವರ ಕಾಗದದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಗೋರಿಗೆ ಗಾರೆ ಹಾಕುವುದನ್ನು, ಅದರ ಮೇಲೆ ಕಟ್ಟುವುದನ್ನು ಪ್ರವಾದಿಯವರು (ಸ) ತಡೆದರೆಂದು ಸಹೀಹ್ ಮುಸ್ಲಿಮಿನಲ್ಲಿ ಹದೀಸ್ ಇದೆ. ಇದನ್ನು ಚಾಚೂ ತಪ್ಪದೆ ಪಾಲಿಸಿದವರು ಬಡವರು. (ಬೇರೆ ದಾರಿಯೂ ಅವರಿಗಿರಲಿಲ್ಲವೆನ್ನಿ.) ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ಗೋಲಗುಮ್ಮಟವಿದೆ, ಅದಕ್ಕೆ ಪುರಾತತ್ವ ಇಲಾಖೆಯ ಕಾವಲಿದೆ. ಅವನ ಕಾಲದ ರೈತನ ಗೋರಿ ಮಣ್ಣಲ್ಲಿ ಮಣ್ಣಾಯಿತು. ಧರ್ಮ ಬಯಸಿದ್ದೂ ಅದನ್ನೇ. ಆದರೆ ಇಂದು ಆ ವಿಧೇಯತೆಯೇ ‘ಖಾಲಿ ಜಾಗ’ ಎಂಬ ಹೆಸರು ಪಡೆದಿದೆ.

ಕಾನೂನು ಕೂಡ ಕಾಗದವನ್ನೇ ಕೇಳುತ್ತದೆ. ಸ್ಮಶಾನಕ್ಕೆ ಬಳಕೆಯಾಗುವ ನೆಲ ಕಂದಾಯದ ಲೆಕ್ಕದಲ್ಲಿ ‘ಬಿ’ ಖರಾಬು. ದಾಖಲೆ ಇಲ್ಲದಿದ್ದರೂ ದೀರ್ಘಕಾಲದ ಬಳಕೆಯಿಂದಲೇ ವಕ್ಫ್ ಎನಿಸಿಕೊಳ್ಳುವ ಅವಕಾಶ 1995ರ ಕಾಯ್ದೆಯಲ್ಲಿತ್ತು. 2025ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಮೊದಲೇ ನೋಂದಣಿಯಾದವು ಉಳಿಯುತ್ತವೆ, ಅವೂ ವಿವಾದದಲ್ಲಿರಬಾರದು, ಸರ್ಕಾರಿ ಜಮೀನಾಗಿರಬಾರದು. ನೋಂದಣಿ ಮಾಡಿಸದೆ ಕೂತ ಹಳ್ಳಿಗಳ ಹಿರಿಯರನ್ನು ಈಗ ಬೈದು ಫಲವಿಲ್ಲ.

ದೂರುವುದಾದರೆ ಮೊದಲು ನಮ್ಮನ್ನೇ ದೂರಿಕೊಳ್ಳಬೇಕು. ರಸ್ತೆಗೆ ಮುಖವಾದ ಕಡೆ ಮಳಿಗೆ ಕಟ್ಟಿಸಿ ಬಾಡಿಗೆ ತೆಗೆಯೋಣ, ಮದರಸಾಕ್ಕೆ ಆದಾಯವಾಗುತ್ತದೆ ಎಂದವರು ಹೊರಗಿನವರಲ್ಲ, ಜಮಾಅತಿನವರೇ. ಅವರ ಬಳಿ ಫಿಕ್ಹಿನ ಆಧಾರವೂ ಇತ್ತು. ಮೃತದೇಹ ಪೂರ್ತಿ ಮಣ್ಣಾದ ಮೇಲೆ ಆ ನೆಲದಲ್ಲಿ ಬೇಸಾಯ ಮಾಡಬಹುದು, ಕಟ್ಟಲೂಬಹುದು ಎಂದು ಹನಫೀ ವಿದ್ವಾಂಸ ಜೈಲಯೀ ಬರೆದಿದ್ದಾರೆ. ಈ ಮಾತನ್ನು ನಾವು ತಳ್ಳಿಹಾಕಲಾರೆವು. ಮೂಳೆಯನ್ನು ಪೂಜಿಸುವುದು ನಮ್ಮ ದಾರಿಯಲ್ಲ. ಆದರೆ ಈ ನೆಲವನ್ನು ಕೊಟ್ಟವನು ಇದನ್ನು ಹೂಳಲೆಂದೇ ಕೊಟ್ಟ, ಮಾರಲೆಂದಲ್ಲ. ಸತ್ತವರು ಮಣ್ಣಾದರೂ ಅವನ ಷರತ್ತು ಮಣ್ಣಾಗಲಿಲ್ಲ. ಹಳೆಯ ಗೋರಿ ಕುಸಿದ ಜಾಗ ನಾಳೆ ಸಾಯುವ ಕೂಲಿಯವನದು. ಮಳಿಗೆ ಎದ್ದರೆ ಅವನ ಜನಾಜಾ ಯಾವ ಊರಿಗೆ ಹೋಗಬೇಕು?

ನಮ್ಮ ಬೇಲಿಯ ಆಚೆಗೇ ದಲಿತರ ಮಸಣವಿದೆ. ಅಲ್ಲಿಯೂ ಕಲ್ಲಿಲ್ಲ, ಕಾಗದವಿಲ್ಲ. ಊರಿಗೆ ಬೇಡವಾಗಿದ್ದ ಹಳ್ಳದ ದಂಡೆಯನ್ನು ಒಂದು ಕಾಲದಲ್ಲಿ ಇಬ್ಬರಿಗೂ ಬಿಟ್ಟುಕೊಟ್ಟಿದ್ದರು. ಈಗ ಅದೇ ದಂಡೆಗೆ ಬೆಲೆ ಬಂದಿದೆ. ತಹಸೀಲ್ದಾರರ ಕಚೇರಿಗೆ ಎರಡೂ ಕೇರಿಯವರು ಒಟ್ಟಿಗೆ ಹೋಗಬೇಕೆಂದು ನಮಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ಎರಡರದ್ದೂ ಹದ್ದುಬಸ್ತು ಮಾಡಿಕೊಡಿ ಎಂಬ ಒಂದೇ ಅರ್ಜಿ ಈಗ ಅಲ್ಲಿದೆ.

ಚಾಚಾ ಅಂದು ತೋರಿಸಿದ್ದನ್ನೆಲ್ಲ ಬರೆದುಕೊಳ್ಳಬೇಕಿತ್ತು. ನಾವು ಬರೆದುಕೊಳ್ಳಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡಾಗ, ಅಪ್ಪನ ಪಕ್ಕದಲ್ಲೇ ಮಣ್ಣು ಮಾಡೋಣವೆಂದು ಗುದ್ದಲಿ ಹಿಡಿದು ನಿಂತೆವು. ಆ ಜಾಗ ಯಾವುದೆಂದು ಬಲ್ಲವರು ಅವರೊಬ್ಬರೇ ಆಗಿದ್ದರು.