ಬರೆದಿಟ್ಟ ನೋವು



ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿ ಮುಂದೆ ಮಳಖೇಡವನ್ನು ಸೇರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟವೇ ಅದು. ಹತ್ತನೆಯ ಶತಮಾನದಲ್ಲಿ ಅಪಭ್ರಂಶದ ಮಹಾಕವಿ ಪುಷ್ಪದಂತನು ಅಪಮಾನದಿಂದ ನೊಂದು, ದಣಿದು ಅಲ್ಲಿಗೆ ಬಂದನು. ದುರ್ಜನರ ಸಂಗಕ್ಕಿಂತ ಕಾಡೇ ಲೇಸೆಂದವನನ್ನು ಮಂತ್ರಿ ಭರತನು ಮನೆಗೆ ಕರೆದೊಯ್ದು ಕಾವ್ಯರಚನೆಗೆ ತೊಡಗಿಸಿದನು. ಕವಿಯು ತನ್ನ ಕಹಿಯನ್ನು ಮುಚ್ಚಿಡದೆ ಮಹಾಪುರಾಣದ ಪೀಠಿಕೆಯಲ್ಲಿಯೇ ಬರೆದನು. ನಡುವೆ ಮನಸ್ಸು ಕುಗ್ಗಿ ಬರವಣಿಗೆ ನಿಂತಾಗ ಭರತನು ಮತ್ತೆ ಪ್ರೇರೇಪಿಸಿದನು. ಕ್ರಿ.ಶ. 965ರಲ್ಲಿ ಕೃತಿಯು ಪೂರ್ಣವಾಯಿತು. 'ಅಭಿಮಾನಮೇರು' ಎಂಬ ಬಿರುದನ್ನು ಮಾತ್ರ ಆತನು ಬಿಡಲಿಲ್ಲ. ಮಾನಕಷಾಯವು ಅಷ್ಟು ಸುಲಭವಾಗಿ ಕರಗುವುದೇ!

1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಆಳದ ನೋವನ್ನು ಬರೆದರು. ಬರೆದೊಡನೆ ಖಿನ್ನರಾದರೂ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ಗುರುವಿನೆದುರು ದೋಷವನ್ನು ನಿವೇದಿಸುವ 'ಆಲೋಚನೆ'ಗೆ ಇಂಥ ಬರಹವು ಬದಲಿಯಲ್ಲ, ಪೂರ್ವಸಿದ್ಧತೆ.

ಜಹೀರಾಬಾದ್, ನಾರಾಯಣಖೇಡಗಳ ಸಾಧರ್ಮಿಕರೇ, ಕನ್ನಡವೋ ತೆಲುಗೋ ಮರಾಠಿಯೋ ಹಿಂದಿಯೋ, ಯಾವ ಭಾಷೆಯಲ್ಲಿ ನಿಮಗೆ ಕೋಪ ಬರುವುದೋ ಆ ಭಾಷೆಯಲ್ಲಿಯೇ ಕ್ಷಮಾವಾಣಿಯ ಹಿಂದಿನ ರಾತ್ರಿ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ಮರುದಿನ ಅವರ ಮನೆಯ ಬಾಗಿಲಿಗೆ ಹೋದರೆ ಸಾಕು.